ಅಣ್ಣ ತಾಳಿ ಕಟ್ಟಿದ ಎಕ್ಕ

ನಮ್ಮ ಕಡೆ ಎಕ್ಕವನ್ನು ಯಾರೂ ಬೆಳೆಸುವುದಿಲ್ಲ. ಅದು ತಾನಾಗಿ ಹುಟ್ಟುತ್ತದೆ. ರೈಲು ಹಳಿಯ ಪಕ್ಕದಲ್ಲಿ, ತಿಪ್ಪೆಯ ಅಂಚಿನಲ್ಲಿ, ಬಿದ್ದ ಮನೆಯ ಗೋಡೆಯ ಬಿರುಕಿನಲ್ಲಿ. ಸಿಟ್ಟು ನೆತ್ತಿಗೇರಿದವರು ‘ನಿನ್ನ ಮನ್ಯಾಗ ಎಕ್ಕ ಹುಟ್ಟಲಿ’ ಎಂದು ಬೈಯುತ್ತಾರೆ. ಮನೆಯಲ್ಲಿ ಮನುಷ್ಯರು ಉಳಿಯದೆ ಹೋಗಲಿ ಎಂದು ಅದರ ಅರ್ಥ. ಅಂಥ ಗಿಡವನ್ನು ನಾನು ಆಂಧ್ರದ ಆದವಾನಿಯ ನಮ್ಮ ಮನೆಯ ಹಿತ್ತಲಲ್ಲಿ, ಬೀಜ ಹಾಕಿ, ಬೇಕೆಂದೇ ಬೆಳೆಸಿದೆ. ಮುಂದೆ ಆದದ್ದನ್ನು ಕಂಡ ಹಾಗೆ, ಅವಸರ ಮಾಡದೆ ಬರೆಯುತ್ತೇನೆ. ಅದರಲ್ಲಿ ಒಂದು ಮಧ್ಯಾಹ್ನವನ್ನು ನಾನು ಇಂದಿಗೂ ಮರೆತಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಮನೆಯಲ್ಲಿ ಅವ್ವ, ಅಣ್ಣ, ನಾನು ಮೂವರೇ. ಮನೆಯ ಮಾತು ಕನ್ನಡ, ಪಾಠ ಹೇಳುವುದು ತೆಲುಗಿನಲ್ಲಿ. ಪುಸ್ತಕದಲ್ಲಿ ಚಿಟ್ಟೆಯ ಬದುಕಿನ ಚಿತ್ರವಿತ್ತು: ಮೊಟ್ಟೆ, ಹುಳ, ಕೋಶ, ಚಿಟ್ಟೆ. ಅದನ್ನು ಬೋರ್ಡಿನ ಮೇಲೆ ಬರೆದಾಗ ಮುಂದಿನ ಸಾಲಿನ ಹುಡುಗಿ ‘ನಿಜಂಗಾನಾ ಟೀಚರ್?’ ಎಂದು ಕೇಳಿದಳು. ನಿಜವಾಗಿಯೂ ಹೀಗಾಗುತ್ತದೆಯೇ ಎಂದು. ಆಗುತ್ತದೆ ಎಂದೆ. ಆದರೆ ನಾನೂ ಅದನ್ನು ಕಂಡಿರಲಿಲ್ಲ. ಅವಳಿಗೆ ತೋರಿಸಬೇಕು, ಅದಕ್ಕಿಂತ ಮೊದಲು ನಾನು ನೋಡಬೇಕು ಎನ್ನಿಸಿತು.

ಕಂದು ಕಿತ್ತಳೆ ಬಣ್ಣದ, ರೆಕ್ಕೆಯ ತುದಿಯಲ್ಲಿ ಕಪ್ಪು, ಕಪ್ಪಿನಲ್ಲಿ ಬಿಳಿ ಮಚ್ಚೆಯಿರುವ ಚಿಟ್ಟೆ ಎಕ್ಕದ ಮೇಲೆ ಮೊಟ್ಟೆಯಿಡುತ್ತದೆ ಎಂದು ಓದಿದ್ದೆ. ಹಳಿಯ ಪಕ್ಕದಿಂದ ಒಂದು ಸಣ್ಣ ಗಿಡ ಕಿತ್ತು ತಂದು ನೆಟ್ಟೆ. ಬಾಡಿತು. ಇನ್ನೊಂದು ತಂದೆ, ಅದೂ ಬಾಡಿತು. ಎಕ್ಕದ ಬೇರು ನೆಟ್ಟಗೆ ಆಳಕ್ಕೆ ಇಳಿದಿರುತ್ತದೆ. ಕೀಳುವಾಗ ತುದಿ ಮುರಿದರೆ ಗಿಡ ಉಳಿಯುವುದಿಲ್ಲ. ಆಮೇಲೆ ಒಡೆದ ಕಾಯಿಯಿಂದ ಬೀಜ ತಂದು, ಅದರ ರೇಷ್ಮೆಯಂಥ ಹತ್ತಿ ಬಿಡಿಸಿ, ಮಳೆಗಾಲಕ್ಕೆ ಮುಂಚೆ ಹಿಂದಿನ ಗೋಡೆಯ ಬುಡದಲ್ಲಿ ಒತ್ತಿದೆ. ಹಲವು ಮೊಳೆತವು. ಗಟ್ಟಿಯಾಗಿದ್ದ ಒಂದನ್ನು ಉಳಿಸಿಕೊಂಡೆ. ಮೊದಲ ಬೇಸಗೆಯಲ್ಲಿ ಪ್ರೀತಿಯಿಂದ ನೀರು ಹಾಕಿದಾಗ ಅದರ ಎಲೆ ಹಳದಿಯಾಯಿತು. ನೀರು ಬಿಟ್ಟ ಮೇಲೆ ಚೆನ್ನಾಗಿ ಬೆಳೆಯಿತು. ನಳದಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿಗೆ ಇದಕ್ಕಿಂತ ಹೇಳಿಮಾಡಿಸಿದ ಗಿಡ ಇರಲಾರದು.

ಅವ್ವ ಮಾತ್ರ ಒಪ್ಪಲಿಲ್ಲ.

‘ಮಂದಿ ಮನ್ಯಾಗ ದಾಸವಾಳ ಹಚ್ತಾರ, ಮಲ್ಲಿಗಿ ಹಚ್ತಾರ. ನನ್ನ ಮಗಳು ಹಾಳು ಬಿದ್ದ ಮನಿ ಗಿಡ ಹಚ್ಚ್ಯಾಳ. ಯಾರರೆ ಕೇಳಿದ್ರ ಏನ ಹೇಳ್ಲಿ?’

‘ಚಿಟ್ಟೆಗೆ ಅಂತ ಹೇಳು.’

‘ಚಿಟ್ಟೆಗಂತ! ಚಿಟ್ಟೆಗಳು ನಿನಗ ಗಂಡು ಹುಡುಕಿ ಕೊಡ್ತಾವೇನು?’

ಎರಡನೆಯ ವರ್ಷ ಗಿಡ ನನ್ನ ಎತ್ತರ ಮುಟ್ಟಿ ಹೂ ಬಿಟ್ಟಿತು. ಬೇಸಗೆಯ ನಡುಮಧ್ಯದಲ್ಲಿ, ಹಿತ್ತಲಲ್ಲಿ ಬೇರೆ ಒಂದು ಹೂವೂ ಇಲ್ಲದಾಗ, ಅದರ ನೇರಳೆ ಗೊಂಚಲು ತುಂಬಿ ನಿಂತಿತು. ಮೊದಲು ಬಂದದ್ದು ಮರ ಕೊರೆಯುವ ದೊಡ್ಡ ಕರಿ ದುಂಬಿಗಳು. ಅವುಗಳ ರೆಕ್ಕೆಯಲ್ಲಿ ನೀಲಿ ಹೊಳಪು. ಒಂದು ದುಂಬಿ ಹೂವಿನಿಂದ ಏಳುವಾಗ ಕಾಲಿಗೆ ಸಣ್ಣ ಹಳದಿ ಚೀಲದ ಜೋಡಿಯೊಂದು ಅಂಟಿಕೊಂಡಿರುವುದನ್ನು ನೋಡಿದೆ. ಎಕ್ಕದ ಪರಾಗ ಪುಡಿಯಾಗಿ ಉದುರುವುದಿಲ್ಲ. ಹೀಗೆ ಚೀಲವಾಗಿಯೇ ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಆಮೇಲೆ ಚಿಟ್ಟೆಗಳು ಬಂದವು. ಎಲೆಯ ಅಡಿಗೆ ಒಂದೊಂದೇ ಬಿಳಿ ಮೊಟ್ಟೆ ಇಟ್ಟು ಹೋದವು. ಕಪ್ಪು ಬಿಳಿ ಪಟ್ಟೆಯ ಹುಳ ಎಲೆ ತಿನ್ನುವ ಮೊದಲು ನರವನ್ನು ಕಚ್ಚಿ, ಹಾಲು ಸುರಿದು ಹೋಗಲು ಬಿಟ್ಟು, ಆಮೇಲೆ ತಿನ್ನುವುದನ್ನು ಗೋಡೆಗೆ ಒರಗಿ ನಿಂತು ನೋಡಿದೆ. ಶಾಲೆಯ ಹುಡುಗಿಯರನ್ನು ಗುಂಪು ಗುಂಪಾಗಿ ಕರೆತಂದು ಬಂಗಾರದ ಚುಕ್ಕೆಯಿರುವ ಹಸಿರು ಕೋಶ ತೋರಿಸಿದೆ. ‘ನಿಜಂಗಾನಾ’ ಎಂದು ಕೇಳಿದ್ದ ಹುಡುಗಿ ಕೋಶದ ಹತ್ತಿರ ಮುಖ ತಂದು ಚುಕ್ಕೆಗಳನ್ನು ಒಂದೊಂದಾಗಿ ಎಣಿಸಿದಳು.

ಆ ಚಳಿಗಾಲ ಅವ್ವನ ಅವರೆ ಚಪ್ಪರದಲ್ಲಿ ಎಂದೂ ಇಲ್ಲದಷ್ಟು ಕಾಯಿ ಹಿಡಿಯಿತು. ಎಕ್ಕಕ್ಕೆ ಬಂದ ದುಂಬಿಗಳು ಅವರೆಯ ಹೂವನ್ನೂ ಬಿಡುತ್ತಿರಲಿಲ್ಲ. ಮಡಿಲ ತುಂಬ ಕಾಯಿ ತಂದ ಅವ್ವ, ‘ನಿನ್ನ ದುಂಬಿ ಕೈ ಅದ ಇದರಾಗ, ಒಪ್ಪಿದೆ. ಆದ್ರ ಗಿಡ ಹಾಳು ಗಿಡಾನ’ ಎಂದಳು.

ಅಣ್ಣನ ವಿಷಯ ಈಗ ಹೇಳಬೇಕು. ಅವನು ಹತ್ತಿ ವ್ಯಾಪಾರದವರ ಬಳಿ ಗುಮಾಸ್ತನಾಗಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು. ಮೊದಲ ಹೆಂಡತಿ ಹೆರಿಗೆಯಲ್ಲಿ ಕೂಸಿನೊಂದಿಗೆ ಹೋದಳು. ಎರಡನೆಯವಳು ಕಾಮಾಲೆಯಲ್ಲಿ, ಮದುವೆಯಾದ ವರ್ಷವೇ. ಅದಾದ ಮೇಲೆ ಅವನು ಊಟ ಮಾಡುವಾಗ ತಟ್ಟೆಯನ್ನು ಬಿಟ್ಟು ಬೇರೆ ಕಡೆ ನೋಡಿದ್ದನ್ನು ನಾನು ಕಂಡಿಲ್ಲ. ಅವ್ವ ವರ್ಷಗಟ್ಟಲೆ ಹೇಳಿ ಹೇಳಿ ಕೊನೆಗೆ ಮತ್ತೊಂದು ಮದುವೆಗೆ ಒಪ್ಪಿಸಿದಳು. ಹೆಣ್ಣು ಕೋಸಗಿಯವಳು, ಹನುಮಪ್ಪನ ಗುಡಿಯ ಪೂಜಾರಿಯ ಮಗಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಮಾತು ಮುಗಿದ ದಿನ ಮನೆಗೆ ಬಂದ ಆಚಾರ್ರು ಒಂದು ತೊಡಕು ತೆಗೆದರು. ಆಚಾರ್ರು ಎಂದರೆ ನಮ್ಮ ಮನೆಯ ಮದುವೆ ಮುಂಜಿ ಎಲ್ಲ ಮಾಡಿಸುವ ಮುದುಕರು.

‘ಮೂರನೇ ಲಗ್ನ ಮನುಷ್ಯರಿಗೆ ಬ್ಯಾಡ. ಅದು ಎಕ್ಕಕ್ಕ ಹೋಗಲಿ. ಮೊದಲು ಎಕ್ಕದ ಗಿಡಕ್ಕ ತಾಳಿ ಕಟ್ಟಲಿ. ಬರೋ ಹುಡುಗಿ ನಾಕನೇದಾಕಿ ಆಗ್ತಾಳ, ಆಕಿಗೆ ಏನೂ ಬಾಧೆ ಇಲ್ಲ.’

ಈ ಪದ್ಧತಿ ನಾನು ಕೇಳಿದ್ದೆ, ನೋಡಿರಲಿಲ್ಲ. ಅವ್ವ ಕೇಳಿದಳು, ‘ಶುದ್ಧ ಇರೋ ಎಕ್ಕ ಎಲ್ಲಿಂದ ತರೋಣ್ರಿ ಆಚಾರ್ರ? ಹಳಿ ಬಾಜೂಕಿನವು ಎಲ್ಲಾ ಮಂದಿ ಚರಗಿ ಹಿಡಕೊಂಡು ಹೋಗೋ ಜಾಗದಾವು.’

‘ಹುಡುಕೋದ್ಯಾಕ? ನಿಮ್ಮ ಹಿತ್ತಲಾಗ ಹೂವು ಕಾಯಿ ಬಿಟ್ಟು ಲಕ್ಷಣಾಗಿ ನಿಂತದ. ನಿಮ್ಮ ಟೀಚರಮ್ಮ ಬೆಳೆಸ್ಯಾಳಲ್ಲ.’

ಅವ್ವ ನನ್ನ ಕಡೆ ತಿರುಗಿ, ‘ಬೆಳೆಸಿದ್ದಕ್ಕ ಒಂದು ಕೆಲಸಕ್ಕರೆ ಬಂತು’ ಎಂದಳು. ಅಷ್ಟು ದಿನ ಹಾಳು ಗಿಡವಾಗಿದ್ದದ್ದು ಆ ಸಂಜೆ ಲಕ್ಷಣವಾದ ಹೆಣ್ಣಾಯಿತು.

ಒಂದು ಭಾನುವಾರ ಬೆಳಿಗ್ಗೆ ಗಿಡದ ಮದುವೆ. ಗಿಡದ ಸುತ್ತ ಸಾರಿಸಿ ರಂಗೋಲಿ ಹಾಕಿದೆವು. ಕಾಂಡಕ್ಕೆ ಅರಿಶಿನ ಹಚ್ಚಿ, ಹಳದಿ ಬಟ್ಟೆ ಸುತ್ತಿದೆವು. ಗಿಡಕ್ಕೆ ತಂದೆಯಾಗಿ ಆಚಾರ್ರೇ ಕನ್ಯಾದಾನ ಮಾಡಿದರು. ಶಾಸ್ತ್ರದಲ್ಲಿ ಹಾಗೆ ಇದೆಯಂತೆ. ನನಗೆ ಹೇಳಿದರು, ‘ನೀ ತವರುಮನಿಯಾಕಿ. ಈಗ ಕಣ್ಣಾಗ ನೀರು ತರಬೇಕು ನೋಡು.’ ನಾನು ನಕ್ಕೆ. ಅಷ್ಟರಲ್ಲಿ ಒಂದು ಕರಿ ದುಂಬಿ ಗುಂಯ್ಗುಡುತ್ತ ಅವರ ಜುಟ್ಟಿನ ಹತ್ತಿರ ಸುತ್ತಿತು. ‘ಇವು ಹೆಣ್ಣಿನ ಕಡೆ ಬೀಗರೇನು? ಊಟಕ್ಕ ಆಮ್ಯಾಲ ಕರೀತೀವಿ, ದೂರ ಸರಕೋರಿ’ ಎಂದು ಆಚಾರ್ರು ಪಂಚೆಯ ಸೆರಗು ಬೀಸಿದರು. ಅವ್ವನೂ ನಕ್ಕಳು.

ಅಣ್ಣ ನಗಲಿಲ್ಲ. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕಾಂಡಕ್ಕೆ ಸುತ್ತಿ ಗಂಟಿನ ಮೇಲೆ ಗಂಟು ಹಾಕಿದ. ಅದು ನಮಗೆಲ್ಲ ಶಾಸ್ತ್ರ. ಅವನು ಮಾತ್ರ, ಸಾಯಬೇಕಾದ ಇನ್ನೊಬ್ಬಳಿಗೆ ತಾಳಿ ಕಟ್ಟುವವನಂತೆ ಕಟ್ಟಿದ.

ಮದುವೆಯಾದ ಗಿಡವನ್ನು ನಾಲ್ಕು ದಿನ ಕಾಯಬೇಕು, ಆಮೇಲೆ ಅದರ ಪಾಡಿಗೆ ಬಿಡಬಹುದು ಎಂದು ಆಚಾರ್ರು ಹೇಳಿದರು. ಅವ್ವನ ಲೆಕ್ಕ ಬೇರೆ. ‘ನಮ್ಮ ಮನಿತನದಾಗ ಕಡದು ಹಾಕ್ತಾರ. ಮೂರನೇದಾಕಿ ಹೋಗಬೇಕು, ಅಂದ್ರ ನಾಕನೇದಾಕಿ ಉಳೀತಾಳ.’ ಎಲೆಯ ಮೇಲೆ ಹುಳಗಳಿವೆ, ಕೋಶ ಕಟ್ಟುವವರೆಗಾದರೂ ಬಿಡು ಎಂದು ಬೇಡಿಕೊಂಡೆ. ಕೋಸಗಿ ಹೆಣ್ಣಿನ ಮದುವೆಯ ಮುಹೂರ್ತದವರೆಗೆ ಎಂದು ಗಡುವು ಕೊಟ್ಟಳು.

ಕಡಿಯುವ ಕೆಲಸ ಬೀಳಲಿಲ್ಲ. ಆ ವರ್ಷ ಹುಳಗಳು ಎಂದಿಗಿಂತ ಹೆಚ್ಚು. ಜೊತೆಗೆ ಎಕ್ಕವನ್ನೇ ಹುಡುಕಿಕೊಂಡು ಬರುವ ನೀಲಿ ಹಳದಿ ಪಟ್ಟೆಯ ಮಿಡತೆಗಳು ಬಂದವು. ಮದುವೆಯ ಓಡಾಟ ಶುರುವಾಗುವ ಹೊತ್ತಿಗೆ ಗಿಡದಲ್ಲಿ ಒಂದು ಎಲೆ ಇರಲಿಲ್ಲ. ಬೋಳು ಕಡ್ಡಿಗಳು, ನಡುವೆ ಅರಿಶಿನದ ದಾರ. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ನೋಡಿ ಕೈಮುಗಿದಳು. ‘ಹ್ವಾದ್ಳು. ಪುಣ್ಯಾತ್ಗಿತ್ತಿ ತಾನ ಹ್ವಾದ್ಳು.’ ಎಕ್ಕ ಹಾಗೆ ಸಾಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮದುವೆಯ ಮನೆಯಲ್ಲಿ ಅದನ್ನು ಹೇಳುವುದು ಯಾರಿಗೂ ಬೇಕಾಗಿರಲಿಲ್ಲ.

ವೈನಿ ಮನೆಗೆ ಬಂದಳು. ಅಣ್ಣನ ಹೆಂಡತಿಯನ್ನು ನಾವು ವೈನಿ ಎನ್ನುತ್ತೇವೆ. ಗಟ್ಟಿ ದನಿ, ನಕ್ಕರೆ ಬೀದಿಗೆ ಕೇಳುವಂಥ ನಗು. ಆಷಾಢಕ್ಕೆ ತವರಿಗೆ ಹೋಗಿ ಶ್ರಾವಣದಲ್ಲಿ ಮರಳಿದಳು. ಅಷ್ಟರಲ್ಲಿ ಎರಡು ಒಳ್ಳೆಯ ಮಳೆ ಬಿದ್ದಿದ್ದವು. ಕೌತಾಳಂ ಬಸ್ಸಿನಲ್ಲಿ ಬೆಣ್ಣೆ ತರುತ್ತಿದ್ದ ಹೆಂಗಸು ಆ ದಿನ ಹಿತ್ತಲ ಬಾಗಿಲಿಂದ ಬಂದವಳು ಅಲ್ಲಿಯೇ ನಿಂತು ಕೂಗಿದಳು:

‘ಯವ್ವಾ! ನಿಮ್ಮ ದೊಡ್ಡ ಸೊಸಿ ಚಿಗತಾಳ ನೋಡ್ರಿ! ಸತ್ಲು ಅಂದ್ರಿ, ಮೈ ತುಂಬ ಎಲಿ ಐತಿ ಆಕಿಗೆ!’

ಅವ್ವ ಅಡುಗೆಮನೆಯ ಕಡೆ ಕಣ್ಣು ಹೊರಳಿಸಿದಳು. ‘ಬೆಣ್ಣಿ ಇಟ್ಟು ನಡಿ ನೀ. ನಾಲಿಗಿ ಬಿಗಿ ಇರಲಿ’ ಎಂದಳು.

‘ನಾ ಏನಂದೆ ಬಿಡ್ರಿ. ಕಂಡಿದ್ದ ಅಂದೆ. ಸಣ್ಣಾಕಿ ಜ್ವಾಕಿ.’

ಸಣ್ಣಾಕಿ, ಅಂದರೆ ವೈನಿ, ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಕೈ ಒರೆಸಿಕೊಳ್ಳುತ್ತ ನೇರ ಗಿಡದ ಬಳಿಗೆ ಹೋದಳು. ಗಿಡಕ್ಕೆ ತಾಳಿ ಕಟ್ಟಿದ ಸಂಗತಿ ಅವಳಿಗೆ ಮೊದಲೇ ಹೇಳಿದ್ದರು. ಅದು ಸತ್ತಿದೆ ಎಂದೂ ಹೇಳಿದ್ದರು. ಬಗ್ಗಿ ದಾರವನ್ನು ಬೆರಳಿನಿಂದ ಎಳೆದು ನೋಡಿ ಜೋರಾಗಿ ನಕ್ಕಳು.

‘ನನ್ನದಕ್ಕಿಂತ ಆಕೀದು ಬಿಗಿ ಕಟ್ಟ್ಯಾರ ನಿಮ್ಮಣ್ಣ!’

ಆ ದಿನದಿಂದ ಅವಳು ಅದನ್ನು ‘ದೊಡ್ಡಾಕಿ’ ಎಂದೇ ಕರೆದಳು. ಎಕ್ಕ ಅವಳಿಗೆ ಹೊಸದಲ್ಲ. ಪ್ರತಿ ಶನಿವಾರ ಹನುಮಪ್ಪನಿಗೆ ಎಕ್ಕದ ಹೂವಿನ ಮಾಲೆ ಕಟ್ಟುವುದು ಅವಳ ತವರಿನಲ್ಲಿ ಹೆಣ್ಣುಮಕ್ಕಳ ಕೆಲಸ. ಮೊಗ್ಗು ಕೀಳುವಾಗ ಹಾಲು ಕೈಗೆ ಹತ್ತಿದರೆ ಮುಖ ಮುಟ್ಟದೆ ಮೊದಲು ತೊಳೆಯಬೇಕು ಎಂದು ನನಗೂ ಹೇಳಿಕೊಟ್ಟಳು. ಹೊಸ ಎಲೆಗಳಿಗೆ ಚಿಟ್ಟೆಗಳು ಮತ್ತೆ ಬಂದವು. ಮೊಟ್ಟೆ ಎಲ್ಲಿವೆ ಎಂದು ಎಲೆ ಮಗುಚಿ ನೋಡುವುದನ್ನು ಅವಳು ನನ್ನಿಂದ ಕಲಿತಳು.

ಒಂದು ಸಂಜೆ ಗಿಡದ ಹತ್ತಿರ ಕೂತಿದ್ದಾಗ ಅವಳ ದನಿ ತಗ್ಗಿತು.

‘ನಿಮ್ಮಣ್ಣ ನನ್ನ ಮುಖ ನೋಡೂದಿಲ್ಲ. ನೋಡಿದ್ರೂ, ಈಕಿ ಇನ್ನ ಎಷ್ಟು ದಿವಸದಾಕಿ ಅಂತ ನೋಡ್ತಾರ.’

ಅದು ನಿಜ. ಅಣ್ಣ ಪಡಸಾಲೆಯಲ್ಲಿ ಹಾಸಿಗೆ ಹಾಕಿಕೊಳ್ಳುತ್ತಿದ್ದ. ಸೆಖೆ ಎನ್ನುತ್ತಿದ್ದ, ಮಳೆ ಬಿದ್ದು ತಂಪಾದ ಮೇಲೂ ಸೆಖೆ ಎನ್ನುತ್ತಿದ್ದ. ಅವಳ ಹೆಸರು ಕರೆಯುತ್ತಿರಲಿಲ್ಲ, ಅವಳ ಕೈಯಿಂದ ಲೋಟ ತೆಗೆದುಕೊಳ್ಳುವಾಗ ಬೆರಳು ತಾಗದ ಹಾಗೆ ಅಂಚು ಹಿಡಿಯುತ್ತಿದ್ದ. ಒಲ್ಲದ ಗಂಡನ ನಡತೆಯಲ್ಲ ಅದು. ಹತ್ತಿರವಾದರೆ ಕಳೆದುಕೊಳ್ಳುತ್ತೇನೆ ಎಂದು ನಂಬಿದವನ ನಡತೆ. ಗಿಡ ಚಿಗುರಿದ ಮೇಲೆ ಆ ಭಯ ಇನ್ನೂ ಬಲಿಯಿತು.

‘ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ’ ಎಂದಳು ವೈನಿ. ‘ಬದುಕಿದಾಕಿ ಅಂತ ಲೆಕ್ಕಕ್ಕ ಹಿಡೀಲಿ ನನ್ನ, ಅಷ್ಟು ಸಾಕು.’

ಶ್ರಾವಣ ಮುಗಿಯುವಾಗ ಅವಳಿಗೆ ಜ್ವರ ಬಂತು. ಮೊದಲು ಮಳೆಯ ಜ್ವರ ಎಂದುಕೊಂಡೆವು. ಇಳಿಯಲಿಲ್ಲ. ಡಾಕ್ಟರು ನೋಡಿ ಟೈಫಾಯಿಡ್ ಎಂದರು. ಕ್ಯಾಪ್ಸೂಲು ಬರೆದುಕೊಟ್ಟು, ಸಮಯ ತೆಗೆದುಕೊಳ್ಳುತ್ತದೆ, ಹೆದರಬೇಡಿ ಎಂದರು. ಹಿತ್ತಲಿಗೆ ಹತ್ತಿರದ ಕೋಣೆಯಲ್ಲಿ ಅವಳ ಹಾಸಿಗೆ. ಗಂಜಿ ಕುಡಿಯುತ್ತಿದ್ದಳು, ಮಾತನಾಡುತ್ತಿದ್ದಳು, ಸಂಜೆಗೆ ಮೈ ಕಾದ ಹಂಚಿನ ಹಾಗಾಗುತ್ತಿತ್ತು. ಅಣ್ಣ ಕೋಣೆಯ ಹೊಸ್ತಿಲವರೆಗೆ ಬಂದು ನಿಲ್ಲುತ್ತಿದ್ದ. ಒಳಗೆ ಬರುತ್ತಿರಲಿಲ್ಲ.

ಆ ಮಧ್ಯಾಹ್ನ ಅವನು ಕೆಲಸದ ನಡುವೆಯೇ ಮನೆಗೆ ಬಂದ. ನನಗೆ ರಜೆಯಿತ್ತು, ಮನೆಯಲ್ಲಿಯೇ ಇದ್ದೆ. ಅವ್ವ ಬಾಗಿಲಲ್ಲಿ ಅವನಿಗೆ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಕೇಳಿಸಿದ್ದು ಅವನ ಉತ್ತರ ಮಾತ್ರ: ‘ಕೊಡಲಿ ಎಲ್ಲಿ ಅದ?’

ಅವನು ಪ್ಯಾಂಟಿನಲ್ಲೇ, ಕಾಲು ಸಹ ತೊಳೆಯದೆ ಹಿತ್ತಲಿಗೆ ಹೋದ. ನಾನು ಹಿಂದೆ ಓಡಿದೆ. ‘ಅಣ್ಣಾ, ಜ್ವರ ಗಿಡದಿಂದ ಬಂದದ್ದಲ್ಲ, ಡಾಕ್ಟರು ಹೇಳ್ಯಾರ’ ಎಂದೆ. ಅವನು ನನ್ನನ್ನು ನೋಡಲಿಲ್ಲ. ಕೋಣೆಯ ಬಾಗಿಲಲ್ಲಿ ವೈನಿ ಕಾಣಿಸಿಕೊಂಡಳು. ಚೌಕಟ್ಟು ಹಿಡಿದುಕೊಂಡಿದ್ದಳು, ಕೂದಲು ಬಿಚ್ಚಿತ್ತು, ತುಟಿ ಒಡೆದಿದ್ದವು.

‘ಕಡೀಬ್ಯಾಡ್ರಿ’ ಎಂದಳು.

‘ನೀ ಒಳಗ ಹೋಗು.’

‘ನಾ ಹೇಳೂದು ಕೇಳ್ರಿ. ಇವತ್ತ ಇದನ್ನ ಕಡೀತೀರಿ. ನನ್ನ ಜ್ವರ ಇಳೀತದ, ಹೆಂಗೂ ಇಳಿಯೂದ ಅದ. ಗಿಡ ಕಡದಿದ್ದಕ್ಕ ಈಕಿ ಉಳದ್ಲು ಅಂತೀರಿ. ಮುಂದಿನ ವರ್ಷ ಮತ್ತ ಜ್ವರ ಬರ್ತದ. ಆವಾಗ ಏನ ಕಡೀತೀರಿ?’

ಅಣ್ಣ ಗಿಡದ ಬುಡಕ್ಕೆ ಕಾಲು ಊರಿ ನಿಂತ.

‘ನಾ ಬಸುರಾದ್ರ ಏನ ಕಡೀತೀರಿ?’

‘ನನಗ ಇನ್ನೊಂದು ಸಲ ಸುಡಗಾಡಿಗೆ ಹೋಗೋ ಶಕ್ತಿ ಇಲ್ಲ’ ಎಂದ ಅಣ್ಣ. ಗಿಡಕ್ಕೆ ಹೇಳಿದ ಹಾಗೆ ಹೇಳಿದ. ಹೇಳಿ ಕೊಡಲಿ ಎತ್ತಿದ.

ಏಟು ಕವಲಿನ ಬಳಿ ಬಿತ್ತು. ದೊಡ್ಡದೊಂದು ಕೊಂಬೆ ಮುರಿದು ತೊಗಟೆಯಲ್ಲಿ ನೇತಾಡಿತು. ಅವನು ಬಗ್ಗಿ ಅದನ್ನು ಎಡಗೈಯಿಂದ ಜಗ್ಗಿದ. ಕೊಂಬೆ ಕಿತ್ತು ಬಂದು ಮೇಲಕ್ಕೆ ಚಿಮ್ಮಿತು, ಹಾಲು ಅವನ ಮುಖಕ್ಕೆ ಹಾರಿತು. ಕೊಡಲಿ ಬಿಟ್ಟು ಆ ಎಡಗೈಯಿಂದಲೇ ಎಡಗಣ್ಣು ಉಜ್ಜಿಕೊಂಡ. ಅವನ ಬೆರಳ ತುಂಬ ಎಕ್ಕದ ಹಾಲಿತ್ತು.

ನಾನು ನಿಂತಲ್ಲೇ ನಿಂತೆ. ಕೂಗಿದ್ದು ವೈನಿ.

‘ತಿಕ್ಕಬ್ಯಾಡ್ರಿ! ಕೈ ತೆಗೀರಿ ಮದಲ!’

ಅವಳು ಬಾಗಿಲು ಬಿಟ್ಟು ನಡೆದಳು. ಹೊರಗಿನ ಹಂಡೆಯಲ್ಲಿ ನೀರು ತಳಕ್ಕಿಳಿದಿತ್ತು. ಆ ದಿನ ನಳ ಬಂದಿರಲಿಲ್ಲ. ಅವಳು ಒಳಗೆ ತಿರುಗಿ, ಅಡುಗೆಮನೆಯ ಮೂಲೆಯಲ್ಲಿದ್ದ ಮಡಿನೀರಿನ ತಾಮ್ರದ ಕೊಡಕ್ಕೆ ಕೈ ಹಾಕಿದಳು. ಸ್ನಾನ ಮಾಡಿ ಒದ್ದೆಯುಟ್ಟು ತಂದ ನೀರು ಅದು; ಅವ್ವ ಬಿಟ್ಟು ಇನ್ನಾರೂ ಮುಟ್ಟುವಂತಿರಲಿಲ್ಲ. ಇವಳೋ ವಾರಗಟ್ಟಲೆ ಸ್ನಾನವಿಲ್ಲದ ಮೈ. ಅವ್ವ ಎದುರಿಗೇ ಇದ್ದಳು. ಅವಳ ಬಾಯಿ ತೆರೆದದ್ದನ್ನು ನೋಡಿದೆ. ಆದರೆ ಬೈಯುವ ಬದಲು ಅವ್ವನೇ ಕೊಡದ ಇನ್ನೊಂದು ಬದಿ ಹಿಡಿದಳು. ಇಬ್ಬರೂ ಹೊತ್ತು ತಂದರು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಣ್ಣನನ್ನು ಕೂರಿಸಿ, ವೈನಿ ಅವನ ತಲೆಯನ್ನು ಪಕ್ಕಕ್ಕೆ ಬಾಗಿಸಿದಳು. ಎರಡು ಬೆರಳಿಂದ ರೆಪ್ಪೆ ಬಿಡಿಸಿ ಹಿಡಿದು ತಂಬಿಗೆಯಿಂದ ಸಣ್ಣ ಧಾರೆ ಬಿಟ್ಟಳು. ನಾನು ತುಂಬಿ ತುಂಬಿ ಕೊಟ್ಟೆ.

‘ಉರೀತದೇನು?’

‘ಉರಿ ಅಷ್ಟಿಲ್ಲ. ಮಂಜು ಕವದಂಗ ಆಗೇದ. ಏನೂ ಕಾಣವಲ್ದು.’

ಅವನ ದನಿ ಮಗುವಿನ ದನಿಯಾಗಿತ್ತು. ನೋವಿಲ್ಲದೆ ಕಣ್ಣು ಹೋಗುತ್ತಿದೆ ಎನ್ನುವುದು ನೋವಿಗಿಂತ ಹೆದರಿಕೆಯದು. ಅಂಕಿ ನೋಡಿ ಬದುಕುವವನ ಕಣ್ಣು.

‘ನನ್ನ ಕಡೆ ನೋಡ್ರಿ’ ಎಂದಳು ವೈನಿ.

‘ಕಾಣವಲ್ದು ಅಂದ್ನೆಲ್ಲ.’

‘ಕಾಣಲಿ ಬಿಡಲಿ. ಕಣ್ಣು ಈ ಕಡೆ ಇಡ್ರಿ, ನೀರು ಒಳಗ ಹೋಗಬೇಕು.’

ಅವನು ಅವಳ ಕಡೆ ಕಣ್ಣಿಟ್ಟ. ತಡಕಾಡುತ್ತ ಅವಳ ಮಣಿಕಟ್ಟು ಹಿಡಿದ.

‘ನಿನ್ನ ಕೈ ಸುಡ್ಲಿಕ್ಕ ಹತ್ಯಾವ.’

‘ಸುಡಲಿ. ಜೀವ ಇದ್ದವ್ರ ಕೈ ಸುಡ್ತಾವ. ಅಲ್ಲಾಡಬ್ಯಾಡ್ರಿ.’

ಅವನು ಕೈ ಬಿಡಲಿಲ್ಲ. ಕೊಡ ಬರಿದಾಗುವವರೆಗೆ ಅವಳು ನೀರು ಬಿಟ್ಟಳು, ಆಮೇಲೆ ನೆಲಕ್ಕೆ ಕುಸಿದು ಕೂತಳು. ಅವ್ವ ಅವಳನ್ನು ಮಗುವಿನಂತೆ ತಬ್ಬಿಕೊಂಡು ಒಳಗೆ ಕರೆದೊಯ್ದಳು. ನಾನು ಸೈಕಲ್ ರಿಕ್ಷಾ ತರಿಸಿ ಅಣ್ಣನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಡಾಕ್ಟರು ತೆಲುಗಿನವರು. ಟಾರ್ಚು ಬಿಟ್ಟು ನೋಡಿ ‘ಜಿಲ್ಲೇಡು ಪಾಲಾ?’ ಎಂದರು, ಎಕ್ಕದ ಹಾಲೇ ಎಂದು. ಕೂಡಲೇ ತೊಳೆದಿರಾ, ಯಾರು ತೊಳೆದರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಅಣ್ಣ ಹೇಳಿದ:

‘ನಾ ಭಾರ್ಯ.’

ನನ್ನ ಹೆಂಡತಿ. ಯಾವ ಭಾಷೆಯಲ್ಲೂ ಅವನು ಅವಳನ್ನು ಹಾಗೆ ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಳ್ಳೆಯ ಕೆಲಸ ಮಾಡಿದರು, ಹಾಗೆ ತೊಳೆಯದಿದ್ದರೆ ಈ ಕಣ್ಣಿನ ಬಗ್ಗೆ ನಾನು ಧೈರ್ಯ ಹೇಳುತ್ತಿರಲಿಲ್ಲ ಎಂದರು ಡಾಕ್ಟರು. ಮುಲಾಮು ಹಚ್ಚಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿದರು. ಇನ್ನೊಂದಕ್ಕೆ ಹಾಲು ಬಿದ್ದಿರಲಿಲ್ಲ, ಹೆದರಿ ಬಿಗಿಯಾಗಿ ಮುಚ್ಚಿಕೊಂಡಿದ್ದ ಅಷ್ಟೆ. ನೋಟ ಬರುತ್ತದೆ, ಆದರೆ ನಿಧಾನ ಎಂದರು.

ಇಬ್ಬರು ರೋಗಿಗಳನ್ನು ಎರಡು ಕಡೆ ನೋಡಿಕೊಳ್ಳುವುದು ತನ್ನಿಂದಾಗದು ಎಂದು ಅವ್ವ ಪಡಸಾಲೆಯ ಹಾಸಿಗೆಯನ್ನು ಸುತ್ತಿ ತಂದು ವೈನಿಯ ಕೋಣೆಯಲ್ಲಿ ಹಾಕಿದಳು. ಅಣ್ಣ ಸೆಖೆ ಎನ್ನಲಿಲ್ಲ. ಅವಳ ಕ್ಯಾಪ್ಸೂಲು ಅವನು ನೆನಪಿಟ್ಟು ಕೊಡುತ್ತಿದ್ದ. ಅವನ ಕಣ್ಣಿಗೆ ಅವಳು ಹನಿ ಹಾಕುತ್ತಿದ್ದಳು. ಹೊರಗೆ ಕೂತು ನೋಟುಪುಸ್ತಕ ತಿದ್ದುವಾಗ ಅವರ ಮಾತು ನನಗೆ ಕೇಳಿಸುತ್ತಿತ್ತು. ಒಮ್ಮೆ ಅವನು ಹೋದ ಇಬ್ಬರ ಬಗ್ಗೆ ಹೇಳುತ್ತಿದ್ದ. ಮೊದಲನೆಯವಳು ಎಷ್ಟು ಚೆನ್ನಾಗಿ ಹಾಡುತ್ತಿದ್ದಳು, ಎರಡನೆಯವಳಿಗೆ ಉಪ್ಪಿನಕಾಯಿ ಎಂದರೆ ಎಷ್ಟು ಆಸೆ. ಅವರು ಸತ್ತ ಬಗೆಯನ್ನು ಬಿಟ್ಟು ಬೇರೆ ಏನನ್ನಾದರೂ ಅವನು ನೆನೆದದ್ದು ಅದೇ ಮೊದಲು. ವೈನಿ ನಡುನಡುವೆ ಪ್ರಶ್ನೆ ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಜ್ವರ ಬಿಟ್ಟಿತು, ಮತ್ತೆ ಏರಲಿಲ್ಲ. ಅವಳಿಗೆ ತಲೆಗೆ ಎರೆದು ಮುಗಿಸಿದ ದಿನ ಅವ್ವ ಅವಳ ಒದ್ದೆ ಕೂದಲಿಗೆ ಲೋಬಾನದ ಹೊಗೆ ಹಿಡಿಯುತ್ತ ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ಗಿಡದ ಅರ್ಧ ಉಳಿದಿತ್ತು. ಕಡಿದ ಕಡೆ ಹಾಲು ಒಣಗಿ ಕಪ್ಪಾಗಿತ್ತು; ಇನ್ನೊಂದು ಬದಿಯಲ್ಲಿ ಹೂವಿತ್ತು, ದುಂಬಿ ಇತ್ತು. ಅವ್ವ ಅದನ್ನೇ ನೋಡುತ್ತಿದ್ದವಳು ಕೇಳಿದಳು. ಕೇಳಿದ್ದು ಮಗನನ್ನಲ್ಲ, ಸೊಸೆಯನ್ನು.

‘ಉಳಿದದ್ದು ಏನ್ ಮಾಡೋಣ? ತೆಗಸಲೇನು?’

‘ಬ್ಯಾಡ್ರಿ ಅತ್ಯಾ. ಇಬ್ರೂ ಇರ್ತೀವಿ.’

ಅವ್ವ ಕೆಂಡಕ್ಕೆ ಇನ್ನಷ್ಟು ಲೋಬಾನ ಹಾಕಿದಳು. ಆಮೇಲೆ ಎಂದಳು, ‘ಹಂಗಾದ್ರ ಬಟ್ಟಿ ಹಾಕೋ ತಂತಿ ಆ ಕಡೆ ಗೋಡಿಗೆ ಕಟ್ರಿ. ಸೀರಿಗೆ ಅದರ ಹಾಲು ಹತ್ತಿದ್ರ ಕಲಿ ಹೋಗೂದಿಲ್ಲ.’

ಭಾನುವಾರ ಅಣ್ಣ ತಂತಿ ಬದಲಿಸಿದ. ಪಟ್ಟಿ ಇನ್ನೂ ಬಿಚ್ಚಿರಲಿಲ್ಲ, ಒಂದೇ ಕಣ್ಣು. ವೈನಿ ಸ್ಟೂಲಿನ ಪಕ್ಕ ನಿಂತು ಮೊಳೆಯನ್ನು ಗೋಡೆಗೆ ಒತ್ತಿ ಹಿಡಿದಿದ್ದಳು. ಅವನು ಸುತ್ತಿಗೆ ಎತ್ತಿದವನು ಹೊಡೆಯದೆ ನಿಂತ. ಒಂದು ಕಣ್ಣಿಗೆ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ.

‘ಕೈ ತೆಗಿ. ನಿನ್ನ ಬೆರಳಿಗೆ ಬಿದ್ದೀತು.’

‘ಹೊಡೀರಿ. ಬಿದ್ರ ಬೀಳಲಿ. ಬೆರಳಿಗೆ ಪೆಟ್ಟು ಬಿದ್ದು ಯಾರೂ ಸತ್ತಿಲ್ಲ.’

ಅವನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಗೋಡೆಯನ್ನಲ್ಲ, ಅವಳ ಮುಖವನ್ನು. ಆಮೇಲೆ ಹೊಡೆದ.